ಹಾಳೆಯ ಒಂದು ಮೂಲೆ

ಬಾಡಿಗೆಗೆ ಕರೆಸಿದ ಮೇವಿನ ಮೆಷಿನ್ನಿನವನು ಹೊಲಕ್ಕೆ ಇಳಿದವನೇ ಒಂದು ಮೆಕ್ಕೆಜೋಳದ ತೆನೆ ಸುಲಿದ. ಕಾಳನ್ನು ಉಗುರಿನಿಂದ ಚಿವುಟಿ ನೋಡಿ, "ಇವತ್ತು ಕೊಯ್ಯೋದು ಬೇಡ ಮೇಡಂ" ಎಂದ.

ಅವಳಿಗೆ ರೇಗಿತು. ಹಸಿ ಮೇವನ್ನು ಬೇಸಿಗೆಗೆಂದು ಮುಚ್ಚಿ ಹುದುಗಿಸಿಡುವ ಗುಂಡಿ ತೋಡಿ ಆಗಿತ್ತು, ಆಳುಗಳು ಬಂದು ನಿಂತಿದ್ದರು.

"ಬೇರೆ ಕಡೆ ಒಳ್ಳೆ ಬಾಡಿಗೆ ಸಿಕ್ತೇನೋ?"

"ಸಿಕ್ಕಿದ್ರೆ ಇಲ್ಲೀವರೆಗೂ ಯಾಕೆ ಬರ್ತಿದ್ದೆ?" ಚಿವುಟಿದ ಕಾಳನ್ನು ಅವಳ ಮುಂದೆ ಹಿಡಿದ. ತೆಳ್ಳಗೆ ಹಾಲು ಜಿನುಗುತ್ತಿತ್ತು. "ಐದು ದಿನ ಬಿಟ್ರೆ ಕಾಳು ಗಟ್ಟಿಯಾಗುತ್ತೆ. ಈಗ್ಲೇ ತುಂಬಿದ್ರೆ ಅದು ಸೈಲೇಜ್ ಆಗಲ್ಲ, ಗೊಬ್ಬರ ಆಗುತ್ತೆ."

ಐದು ದಿನವೂ ಅವಳು ದಿನಕ್ಕೆರಡು ಸಲ ಹೊಲಕ್ಕೆ ಹೋಗಿ ಕಾಳು ಚಿವುಟಿದಳು. ಅವನು ಹೇಳಿದ್ದು ತಪ್ಪಾಗಲಿ ಎಂದು ಮೊದಲೆರಡು ದಿನ. ಆಮೇಲೆ ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಆರನೆಯ ದಿನ ಅವನು ಬಂದ. ಮೆಷಿನ್ನಿನ ಬಾಯಿಂದ ಹಸಿರು ಚೂರುಗಳು ಹಾರಿ ಬೀಳತೊಡಗಿದಾಗ ಒಂದು ಹಿಡಿ ತೆಗೆದು ಅವಳ ಅಂಗೈಗೆ ಹಾಕಿದ. "ಬಿಗಿಯಾಗಿ ಮುಷ್ಟಿ ಹಿಡೀರಿ. ಈಗ ಬಿಡಿ."

ಬೆರಳ ಸಂದಿಯಲ್ಲಿ ನೀರು ಇಳಿಯಲಿಲ್ಲ. ಉಂಡೆ ನಿಧಾನವಾಗಿ, ನಿದ್ದೆಯಿಂದ ಏಳುವಂತೆ, ಬಿಚ್ಚಿಕೊಂಡಿತು.

"ಹದವಾಗಿದೆ," ಎಂದ. ಅವನ ಕಣ್ಣು ಉಂಡೆಯ ಮೇಲಿರಲಿಲ್ಲ. ಅವಳು ಕೈ ಕೊಡವಿಕೊಂಡಳು, ಬೇಕಾದ್ದಕ್ಕಿಂತ ಎರಡು ಸಲ ಹೆಚ್ಚು.

ಪದರ ಪದರವಾಗಿ ತುಂಬಿ, ಟ್ರ್ಯಾಕ್ಟರ್ ಹತ್ತಿಸಿ ತುಳಿಸಿ, ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಳೆಯ ಟೈರುಗಳನ್ನು ಹೇರುವಷ್ಟರಲ್ಲಿ ಮೂರು ದಿನ ಕಳೆಯಿತು.

"ನಲವತ್ತೈದು ದಿನ ಮುಟ್ಟಬೇಡಿ. ಒಳಗೆ ಗಾಳಿ ಹೋದ್ರೆ ಕೆಟ್ಟುಹೋಗುತ್ತೆ." ಕನ್ನಡಕವನ್ನು ಅಂಗಿಯ ತುದಿಯಲ್ಲಿ ಒರೆಸುತ್ತ ನಿಂತ. ಅದು ಆಗಲೇ ಸ್ವಚ್ಛವಾಗಿತ್ತು. "ತೆಗೆಯೋ ದಿನ ನಾನೇ ಬರ್ತೀನಿ. ಅಷ್ಟರೊಳಗೆ ಒಂದು ವಿಷಯ ಯೋಚನೆ ಮಾಡಿ. ನಾನು ಒಬ್ಬನೇ. ನಿಮ್ಮ ಜೊತೆ ಬದುಕೋ ಆಸೆ ಇದೆ. ನಡುವೆ ಫೋನ್ ಮಾಡಲ್ಲ, ಒತ್ತಾಯ ಮಾಡಿದ ಹಾಗಾಗಬಾರದು."

ಅವಳಿಗೆ ನಲವತ್ತೊಂದು. ಹಿಂದೊಮ್ಮೆ ಒಂದು ಭಾನುವಾರ ಗಂಡು ನೋಡಿ, ಮುಂದಿನ ಭಾನುವಾರಕ್ಕೆ ಒಪ್ಪಿ, ಮದುವೆಯಾದ ಎರಡನೇ ವರ್ಷ ಒಂದು ಸೂಟ್‌ಕೇಸ್ ಹಿಡಿದು ಅಣ್ಣನ ಮನೆಗೆ ಮರಳಿದ್ದಳು. ಅಂದಿನಿಂದ ಅತ್ತಿಗೆಯೂ ಅವಳೂ ಸೇರಿ ಹನ್ನೊಂದು ಹಸು ನೋಡಿಕೊಳ್ಳುತ್ತಿದ್ದರು. ಯೋಚಿಸಲು ಇಷ್ಟೊಂದು ದಿನಗಳನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಅದು ಉಪಕಾರವೆಂದೇ ಅನ್ನಿಸಿತ್ತು, ಮೊದಲ ವಾರ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ. ಹಾಲಿನ ಕ್ಯಾನಿನ ಮುಚ್ಚಳ ಎಲ್ಲಿಟ್ಟೆನೆಂದು ಮರೆಯುತ್ತಿದ್ದಳು. ಟ್ರ್ಯಾಕ್ಟರ್ ಸದ್ದಾದರೆ ಕೊಟ್ಟಿಗೆಯ ಬಾಗಿಲಿಗೆ ಬರುತ್ತಿದ್ದಳು.

"ಹಿಂಡಿ ಹಾಕಿದ ಹಸುಗೇ ಮತ್ತೆ ಹಿಂಡಿ ಹಾಕ್ತಿದೀಯ," ಅತ್ತಿಗೆ ಹೇಳಿದಳು. "ಅದಕ್ಕೇನೋ ಖುಷಿ. ನಿನಗೇನು ಕಾಯಿಲೆ?"

"ಸುಮ್ನಿರಿ ಅತ್ತಿಗೆ."

"ನಾನು ಸುಮ್ನೇ ಇದೀನಮ್ಮ. ನಿಂತಲ್ಲಿ ನಿಲ್ಲದೆ ಓಡಾಡ್ತಿರೋದು ನೀನು."

ಮುಚ್ಚಿಟ್ಟದ್ದು ಒಳಗೊಳಗೇ ಕೊಳೆಯುತ್ತದೆ ಎಂಬುದೊಂದನ್ನೇ ಅವಳು ಮದುವೆಯಲ್ಲಿ ಕಲಿತಿದ್ದಳು. ಇಪ್ಪತ್ತನಾಲ್ಕನೆಯ ದಿನ ಮಧ್ಯಾಹ್ನ, ಮನೆಯಲ್ಲಿ ಎಲ್ಲರೂ ಮಲಗಿದ್ದಾಗ, ಎರಡು ಟೈರು ಸರಿಸಿ ಹಾಳೆಯ ಒಂದು ಮೂಲೆ ಎತ್ತಿದಳು. ಕೈ ಒಳಗೆ ತೂರಿಸಿದಳು. ಬೆಚ್ಚಗಿತ್ತು. ಹುಳಿ ಹುಳಿ ವಾಸನೆ ಬಂತು. ಒಳ್ಳೆಯದೋ ಕೆಟ್ಟದ್ದೋ ತಿಳಿಯಲಿಲ್ಲ. ಕೈ ತೆಗೆಯಲೂ ಮನಸ್ಸಾಗಲಿಲ್ಲ.

ಅತ್ತಿಗೆ ಕರೆದಳು. ಗಡಿಬಿಡಿಯಲ್ಲಿ ಹಾಳೆ ಮುಚ್ಚಿ ಟೈರು ಹೇರಿ ಓಡಿದಳು. ಅಂಚು ಮಡಚಿಕೊಂಡು ಬಾಯಿ ಬಿಟ್ಟಿದ್ದು ಕಣ್ಣಿಗೆ ಬಿದ್ದದ್ದು ಎರಡು ದಿನದ ಮೇಲೆ.

ಸರಿಪಡಿಸಿದಳು. ಆದರೆ ಉಳಿದ ದಿನಗಳು ಸುಖ ಕೊಡಲಿಲ್ಲ. ಬೇಸಿಗೆಗೆ ಹನ್ನೊಂದು ಹಸುಗಳಿಗೆ ಇರುವುದು ಆ ಗುಂಡಿಯೊಂದೇ. ಅವನು ಕೇಳಿದ್ದೂ ಒಂದೇ ಒಂದು, ಮುಟ್ಟಬೇಡಿ ಎಂದು. ಅಷ್ಟನ್ನೂ ನಡೆಸಿಕೊಡಲಾಗದವಳು ಇನ್ನೇನು ಉತ್ತರ ಕೊಟ್ಟಾಳು?

ನಲವತ್ತೈದನೆಯ ದಿನ ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗುಂಡಿ ಬಗೆಯುವ ಕೆಲಸಕ್ಕೆ ಇಸ್ತ್ರಿ ಯಾಕೆ ಎಂದು ಅತ್ತಿಗೆ ಕೇಳಿಯೇಬಿಟ್ಟಳು.

ಅವನು ಈಚೆ ತುದಿಯಿಂದ ಟೈರು ತೆಗೆಯಲು ಬಾಗಿದ.

"ಅಲ್ಲಲ್ಲ," ಅವಳು ಹೇಳಿದಳು. "ಮೊದಲು ಆ ಮೂಲೆ ನೋಡಿ."

ಹಾಳೆ ಎತ್ತಿದರೆ ಬಿಳಿ ಬೂಷ್ಟು. ಅದರ ಕೆಳಗೆ ಕಪ್ಪಗೆ, ಅಂಟಂಟಾಗಿ ಕೊಳೆತ ಮೇವು.

ಅವನು ಅವಳ ಮುಖ ನೋಡಿದ. "ಯಾವಾಗ ತೆಗೆದಿರಿ?"

"ಇಪ್ಪತ್ತನಾಲ್ಕನೇ ದಿನ. ಕೆಟ್ಟಿರುತ್ತೇನೋ ಅಂತ ಭಯ ಆಯ್ತು. ನೋಡೋಕೆ ಹೋಗಿ ನಾನೇ ಕೆಡಿಸಿದೆ."

ಅವನು ಅಂಗಿಯ ತೋಳು ಮಡಚಿದ. ಸಲಿಕೆ ತಗೊಂಡು ಕಪ್ಪಾದದ್ದನ್ನು ಬಗೆದು ಎಸೆಯತೊಡಗಿದ. ಒಂದು ಗೇಣು, ಇನ್ನೊಂದು ಗೇಣು. ಅವಳು ಗೇಣು ಎಣಿಸುತ್ತ ನಿಂತಳು. ಆಮೇಲೆ ಸಲಿಕೆಯ ಸದ್ದು ಬದಲಾಯಿತು. ಹೊಂಬಣ್ಣ ಬೆರೆತ ಹಸಿರು ಕಾಣಿಸಿತು. ಕಳಿತ ಹಣ್ಣಿನಂಥ ಹುಳಿವಾಸನೆ ಮೇಲೆದ್ದಿತು.

"ತುಳಿಸಿದ್ದು ಗಟ್ಟಿಯಾಗಿತ್ತು. ಗಾಳಿ ಇಷ್ಟೇ ಹೋಗಿರೋದು," ಎಂದ. ಸಲಿಕೆಗೆ ಒರಗಿ, ತಲೆ ತಗ್ಗಿಸಿ, "ನಾನೂ ತಾಳ್ಮೆಯಿಂದ ಕಾದು ಕೂತಿರಲಿಲ್ಲ. ಮೂರು ಸಲ ಆ ರಸ್ತೆ ತಿರುವಿನವರೆಗೂ ಬಂದು ವಾಪಸ್ ಹೋದೆ. ಡೀಸೆಲ್ ದಂಡ."

"ಎರಡು ಸಲ ನಾನೇ ನೋಡಿದೀನಿ," ಅತ್ತಿಗೆ ಅಂಗಳದಿಂದಲೇ ಹೇಳಿದಳು.

"ನನಗೆ ಹೇಳಲೇ ಇಲ್ಲ ನೀವು!"

"ಸುಮ್ನಿರಿ ಅಂದಿದ್ದೆಯಲ್ಲ."

ಅವಳು ಒಂದು ಹಿಡಿ ಮೇವನ್ನು ಕೊಂಕುಕೊಂಬಿನ ಮುದಿ ಹಸುವಿನ ಮುಂದೆ ಹಿಡಿದಳು. ಹೊಸದೇನಿದ್ದರೂ ಮುಖ ತಿರುಗಿಸುವ ಹಸು. ಅದು ಮೂಸಿತು, ಫೂ ಎಂದು ಉಸಿರು ಬಿಟ್ಟಿತು. ಮತ್ತೆ ಮೂಸಿತು. ನಾಲಿಗೆ ಚಾಚಿ ಇಡೀ ಹಿಡಿಯನ್ನು ಎಳೆದುಕೊಂಡು ಅವಳ ಅಂಗೈಯನ್ನೂ ನೆಕ್ಕಿತು.

"ಇನ್ನು ಮುಂದೆ ಹೇಗೆ?" ಒದ್ದೆ ಅಂಗೈ ನೋಡುತ್ತಲೇ ಕೇಳಿದಳು.

"ತೆರೆದ ಮೇಲೆ ದಿನಾ ಒಂದು ಪದರ ತೆಗೀಲೇಬೇಕು. ಒಂದು ದಿನ ಬಿಟ್ರೂ ಕೆಡೋಕೆ ಶುರುವಾಗುತ್ತೆ."

"ಹಾಗಿದ್ರೆ ನೀವು ದಿನಾ ಬರಬೇಕಾಗುತ್ತೆ."

"ದಿನಾ ಬರೋಕೆ ನನ್ನ ಊರು ದೂರ ಅಲ್ವಾ?" ಅವನಿಗಿನ್ನೂ ಹೊಳೆದಿರಲಿಲ್ಲ.

"ಅದಕ್ಕೇ ಹೇಳಿದ್ದು," ಎಂದಳು ಅವಳು.

ಅವನ ಕೈಯ ಸಲಿಕೆ ಮೆಲ್ಲಗೆ ನೆಲಕ್ಕೆ ಜಾರಿತು.