ಹೆಸರು ಇಲ್ಲಿರಲಿ

ಮೊದಲ ದಿನವೇ ನಮ್ಮಿಬ್ಬರಿಗೂ ಜಗಳವಾಯಿತು.

ಫಾರ್ಮಸಿಸ್ಟ್ ಬೇಕಾಗಿದ್ದಾರೆ ಎಂಬ ಬೋರ್ಡು ನೋಡಿ ನಾನು ಆ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದ್ದೆ. ಗಲ್ಲಾದ ಹಿಂದೆ ಕೂತಿದ್ದವನು ನನ್ನ ಮುಖ ನೋಡುವ ಮೊದಲು ಫೈಲು ಬಿಡಿಸಿ ಸರ್ಟಿಫಿಕೇಟು ನೋಡಿದ. ಅವನ ಮುಖ ಅರಳಿತು.

"ಇದನ್ನ ಕೊಟ್ಟು ಹೋಗಿ ಮೇಡಂ, ಸಾಕು. ನೀವು ದಿನಾ ಬರೋದೇನೂ ಬೇಡ. ಸಂಬಳ ಮನೆಗೇ ಬರುತ್ತೆ."

ನನಗೆ ಮೈಯೆಲ್ಲ ಉರಿದುಹೋಯಿತು. ನಿದ್ದೆಗೆಟ್ಟು ಓದಿ, ಪಾಸಾಗಿ, ಫಾರ್ಮಸಿ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಿಕೊಂಡು ಬಂದಿದ್ದೇನೆ, ಬಾಡಿಗೆಗೆ ಬಿಡಲು ಅದೇನು ಸೈಕಲ್ಲೇ? ಔಷಧಿ ಮಾರುವ ಹೊತ್ತಿಗೆ ನೋಂದಾಯಿತ ಫಾರ್ಮಸಿಸ್ಟ್ ಎದುರಿಗೇ ಇರಬೇಕೆಂಬುದು ಕಾನೂನು, ಗೋಡೆಗೆ ನೇತುಹಾಕಿದ ಕಾಗದ ಯಾರ ಚೀಟಿಯನ್ನೂ ಓದುವುದಿಲ್ಲ, ಬಂದರೆ ನಾನೂ ಸರ್ಟಿಫಿಕೇಟೂ ಇಬ್ಬರೂ ಬರುತ್ತೇವೆ, ಇಲ್ಲದಿದ್ದರೆ ಇಬ್ಬರೂ ಇಲ್ಲ ಎಂದು ಒಂದೇ ಉಸಿರಿಗೆ ಅಂದುಬಿಟ್ಟೆ. ಅವನು ಆಗ ತಲೆಯೆತ್ತಿ ನನ್ನನ್ನು ನೋಡಿದ. ಬೈಸಿಕೊಂಡವನ ಮುಖದಲ್ಲಿ ಅಷ್ಟು ಚಂದದ ನಗು ಬರಬಹುದೆಂದು ನನಗೆ ಗೊತ್ತಿರಲಿಲ್ಲ. ನಾಳೆಯಿಂದ ಇಬ್ಬರೂ ಬನ್ನಿ ಎಂದ.

ಹೋದೆ. ಅವನು ನನಗೆ ರೂಲ್ಸಮ್ಮ ಎಂದು ಹೆಸರಿಟ್ಟ. ನಾನು ಅವನನ್ನು ಸಾಹುಕಾರ್ರೇ ಎಂದು ಕರೆಯತೊಡಗಿದೆ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕಾದಷ್ಟು ಇಕ್ಕಟ್ಟಿನ ಅಂಗಡಿ ಅದು. ಸಾಹುಕಾರ್ರೇ ಅಂದರೆ ಅವನ ಕಿವಿ ಕೆಂಪಾಗುತ್ತಿತ್ತು, ಅದಕ್ಕೇ ಇನ್ನೆರಡು ಸಲ ಹೆಚ್ಚಿಗೆ ಕರೆಯುತ್ತಿದ್ದೆ.

ಮೊದಲೆಲ್ಲ ಯಾರಾದರೂ ಬರಿಗೈಯಲ್ಲಿ ಬಂದು, ಹೋದ ಸಲದ್ದೇ ಆಂಟಿಬಯೋಟಿಕ್ ಕೊಡಿ ಅಂದರೆ ಅವನ ಕೈ ತಾನಾಗಿ ಡ್ರಾಯರಿಗೆ ಹೋಗುತ್ತಿತ್ತು. ನಾನು ಬಂದ ಮೇಲೆ ಕೈ ಅರ್ಧದಲ್ಲೇ ನಿಂತು, ಕಣ್ಣು ನನ್ನ ಕಡೆ ತಿರುಗುತ್ತಿತ್ತು. ನಾನು ಎಡಗಡೆಯ ಹುಬ್ಬನ್ನು ಒಂಚೂರು ಏರಿಸುತ್ತಿದ್ದೆ ಅಷ್ಟೆ. ಡಾಕ್ಟರ ಚೀಟಿ ತನ್ನಿ, ನನ್ನ ಕೈಯಲ್ಲಿ ಏನೂ ಇಲ್ಲ ಎಂದು ಅವನು ಗಿರಾಕಿಗೆ ಹೇಳಿ ಕಳಿಸುತ್ತಿದ್ದ. ವ್ಯಾಪಾರಕ್ಕೆ ಕಲ್ಲು ಹಾಕುತ್ತಿದ್ದೀರಿ ಎಂದು ಆಮೇಲೆ ಗೊಣಗುತ್ತಿದ್ದ. ಆದರೆ ಎಷ್ಟೋ ಸಲ ಚೀಟಿ ಸರಿಯಾಗಿಯೇ ಇರುತ್ತಿತ್ತು, ತಾರೀಖೂ ಹೊಸದೇ, ಡಾಕ್ಟರ ಸಹಿಯೂ ಇರುತ್ತಿತ್ತು. ಆಗಲೂ ಅವನು ಸುಮ್ಮನೆ ತಿರುಗಿ ನನ್ನ ಹುಬ್ಬಿಗೆ ಕಾಯುತ್ತಿದ್ದ. ನನಗೆ ಅದು ತಿಳಿಯದೆ ಇರಲಿಲ್ಲ. ತಿಳಿದೂ, ಕೊಡಿ ಎನ್ನುವ ಹಾಗೆ ಏರಿಸುತ್ತಿದ್ದೆ.

ಒಮ್ಮೆ ನನಗೆ ನೆಗಡಿಯಾಗಿ ಕಣ್ಣುಮೂಗಲ್ಲೆಲ್ಲ ನೀರು. ಒಂದು ಮಾತ್ರೆ ಕೊಡಿ ಎಂದು ಕೈ ಚಾಚಿದೆ. ಅವನು ಸ್ಟ್ರಿಪ್ಪನ್ನು ಮುಷ್ಟಿಯಲ್ಲಿ ಅಡಗಿಸಿಕೊಂಡು ಹಿಂದಕ್ಕೆ ಎಳೆದ.

"ಚೀಟಿ ಇದೆಯಾ?"

"ಇದಕ್ಕೆ ಚೀಟಿ ಬೇಕಾಗಿಲ್ಲ."

"ಹಾಗಂತ ಯಾವ ರೂಲ್ಸು?"

ಯಾವುದಕ್ಕೆ ಚೀಟಿ ಬೇಕು, ಯಾವುದಕ್ಕೆ ಬೇಡ ಎಂದು ಸೀನುತ್ತ ಸೀನುತ್ತ ಪೂರ್ತಿ ಪಾಠ ಒಪ್ಪಿಸಿದೆ. ಅವನು ಕೆನ್ನೆಗೆ ಕೈ ಹಚ್ಚಿ, ನನ್ನ ಕೆಂಪು ಮೂಗನ್ನೇ ನೋಡುತ್ತ, ಎಲ್ಲ ಕೇಳಿಸಿಕೊಂಡು ಮುಷ್ಟಿ ಬಿಚ್ಚಿದ. ಮಾತ್ರೆ ಎತ್ತಿಕೊಳ್ಳಲು ಹೋದ ಬೆರಳುಗಳು ಅವನ ಅಂಗೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತವು. ಅವತ್ತಿನಿಂದ ನಮ್ಮ ನಡುವೆ ನೀವು ಹೋಗಿ ನೀನು ಬಂತು.

ಪ್ರೀತಿಸಿದೆ. ಅದನ್ನು ಸುತ್ತಿಬಳಸಿ ಹೇಳುವುದೇಕೆ? ಬೆಳಿಗ್ಗೆ ಅವನು ಶಟರ್ ಎತ್ತುವ ಸದ್ದು ಕೇಳಿದರೆ ಬೀದಿಯ ತಿರುವಿನಿಂದಲೇ ನನ್ನ ಹೆಜ್ಜೆ ಬಿರುಸಾಗುತ್ತಿತ್ತು. ಮದುವೆಯಾಗೋಣ ಎಂದು ಅವನೇ ಕೇಳಿದ, ಕೆಮ್ಮಿನ ಸಿರಪ್ಪಿನ ಡಬ್ಬಗಳನ್ನು ಶೆಲ್ಫಿಗೆ ಜೋಡಿಸುತ್ತ, ನನ್ನ ಕಡೆ ಬೆನ್ನು ಹಾಕಿಕೊಂಡು. ಹೂಂ ಅಂದೆ. ಅವನ ಕೈಯಿಂದ ಒಂದು ಡಬ್ಬ ಜಾರಿ ಬಿತ್ತು.

ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ವಿಷಯ ಹೇಳಿದಾಗ ಅವಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ಮಡಚುತ್ತಲೇ ಕೇಳಿದಳು.

"ಅವನು ಮದುವೆ ಆಗ್ತಾ ಇರೋದು ನಿನ್ನನ್ನೋ, ನಿನ್ನ ಸರ್ಟಿಫಿಕೇಟನ್ನೋ?"

ಹೆಂಡತಿಯೇ ಫಾರ್ಮಸಿಸ್ಟ್ ಆದರೆ ಅಂಗಡಿ ಮುಚ್ಚುವ ಭಯ ಅವನಿಗೆ ಜೀವಮಾನಪೂರ್ತಿ ಇರುವುದಿಲ್ಲ ಎಂದಳು. ನಾನು ರೇಗಿ ಕೋಣೆಯ ಬಾಗಿಲು ಹಾಕಿಕೊಂಡೆ. ಆದರೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನ ಹಾಗೆ ಕೂತುಬಿಟ್ಟಿತು. ನಾಲಿಗೆ ಹೋಗಿ ಹೋಗಿ ಅಲ್ಲಿಗೇ ತಾಗುತ್ತಿತ್ತು.

ಅವನ ತಾಯಿ ಕೆಟ್ಟವರಲ್ಲ. ಮನೆಗೆ ಕರೆಸಿ, ಪಕ್ಕದಲ್ಲಿ ಕೂರಿಸಿಕೊಂಡು, ತಲೆ ಸವರಿ, ಇಷ್ಟು ಸಣ್ಣಗಾದರೆ ಹೇಗೆ ಎಂದು ಗದರಿ ತಟ್ಟೆಗೆ ಬಡಿಸಿದರು. ಬಸ್ ನಿಲ್ದಾಣದ ಹತ್ತಿರ ಕಿರಿಯ ಮಗನಿಗೆ ಇನ್ನೊಂದು ಅಂಗಡಿ ಹಾಕಿಸುವವರಿದ್ದರು, ಅವನಿಗೂ ಹೆಣ್ಣು ನೋಡುತ್ತಿದ್ದರು. ಮೊಬೈಲಿನಲ್ಲಿ ಫೋಟೋ ತೋರಿಸಿದರು. ಒಬ್ಬಳು ಎತ್ತರ, ಒಬ್ಬಳು ಗಿಡ್ಡ, ಒಬ್ಬಳಿಗೆ ನಗುವೇ ಬರುವಂತಿರಲಿಲ್ಲ. ಎಲ್ಲರೂ ಫಾರ್ಮಸಿ ಓದಿದವರು. ಒಬ್ಬರ ಹೆಸರು ಒಂದೇ ಅಂಗಡಿಗೆ ಅಂತೆ, ನಿನ್ನದನ್ನೇ ಎರಡಕ್ಕೂ ಹಾಕುವ ಹಾಗಿದ್ದರೆ ಈ ಹುಡುಕಾಟವೇ ಬೇಕಿರಲಿಲ್ಲ ಎಂದು ನಿಟ್ಟುಸಿರು ಬಿಟ್ಟರು.

"ಇವರಲ್ಲಿ ಯಾರ ರಿಜಿಸ್ಟ್ರೇಷನ್ ಚಾಲ್ತಿಯಲ್ಲಿದೆ ಅಂತ ನೀನೇ ನೋಡಿ ಹೇಳಮ್ಮ. ಹುಡುಗಿ ಹೇಗಿದ್ರೂ ನಡೆಯುತ್ತೆ, ಹೊಂದ್ಕೋತಾಳೆ."

ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಇಳಿಸಿದೆ. ಈ ಮನೆಯಲ್ಲಿ ನನ್ನ ಬಗ್ಗೆಯೂ ಒಂದು ದಿನ ಇದೇ ಮಾತು ನಡೆದಿರಬೇಕು. ನನ್ನ ಸಾಹುಕಾರ ಆಗ ಏನು ಉತ್ತರ ಕೊಟ್ಟಿದ್ದ? ಆ ಪ್ರಶ್ನೆಯನ್ನು ನುಂಗಿಕೊಂಡು ನೀರು ಕುಡಿದು ಎದ್ದು ಬಂದೆ.

ಆ ದಿನಗಳಲ್ಲೇ ಒಂದು ದೊಡ್ಡ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ನನಗೆ ಕೆಲಸ ಸಿಕ್ಕಿತ್ತು. ಅವನನ್ನು ಬಿಟ್ಟು ಹೋಗಲಾರದೆ ಬೇಡವೆನ್ನಲು ಹೊರಟಿದ್ದೆ, ಹುಚ್ಚಿ. ಮರುದಿನ ಗಿರಾಕಿಗಳಿಲ್ಲದ ಹೊತ್ತು ನೋಡಿ ಅವನಿಗೆ ಹೇಳಿದೆ. ಆಸ್ಪತ್ರೆಗೆ ಸೇರುತ್ತೇನೆ, ಮದುವೆಯಾದ ಮೇಲೂ ಅಲ್ಲೇ ಇರುತ್ತೇನೆ, ಸಂಜೆ ನಿನ್ನ ಮನೆಗೆ ಬರುತ್ತೇನೆ, ಆದರೆ ಈ ಅಂಗಡಿಯಿಂದ ನನ್ನ ಹೆಸರು ತೆಗೆಯಬೇಕಾಗುತ್ತದೆ ಎಂದೆ.

ಅವನ ಮುಖವನ್ನೇ ನೋಡುತ್ತಿದ್ದೆ. ದೇವರೇ, ಇವನಿಗೆ ಸಂತೋಷವಾಗಲಿ ಎಂದು ಬೇಡಿಕೊಂಡೆ. ಸಂತೋಷವೇ ಆಯಿತು. ಇಂಥ ಕೆಲಸ ಬಿಡಬಾರದು ಎಂದ, ಕೌಂಟರಿನ ಮೇಲಿದ್ದ ನನ್ನ ಕೈ ಹಿಡಿದುಕೊಂಡ. ನನ್ನ ಎದೆ ಹಗುರಾಗುವಷ್ಟರಲ್ಲಿ ಮಾತು ಮುಂದುವರಿಸಿದ.

"ನೀನು ಅಲ್ಲಿಗೆ ಹೋಗು. ಹೆಸರು ಮಾತ್ರ ಇಲ್ಲಿರಲಿ. ಯಾರು ನೋಡ್ತಾರೆ?"

ನಾನು ಕೈ ಬಿಡಿಸಿಕೊಂಡೆ. ಸಿಕ್ಕಿಬಿದ್ದರೆ ರದ್ದಾಗುವುದು ನನ್ನ ನೋಂದಣಿ, ಹಾಳಾಗುವುದು ನನ್ನ ಬದುಕು. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೇಳಿಕೊಟ್ಟವಳು ನಾನೇ ತಾನೆ?

"ಒಂದು ಕೇಳ್ತೀನಿ, ಸುಳ್ಳು ಹೇಳಬೇಡ. ನಿನಗೆ ಬೇಕಾಗಿರೋದು ನಾನಾ, ನನ್ನ ಸರ್ಟಿಫಿಕೇಟಾ?"

ಅಷ್ಟರಲ್ಲಿ ಒಬ್ಬ ಹೆಂಗಸು ಮಗುವಿನ ಜ್ವರಕ್ಕೆ ಔಷಧಿ ಕೇಳಿ ಬಂದಳು. ಚೀಟಿ ನೋಡಿ ಕೊಟ್ಟೆ, ಎಷ್ಟು ಹೊತ್ತಿಗೊಮ್ಮೆ ಹಾಕಬೇಕೆಂದು ಹೇಳಿದೆ, ಅವನು ಬಿಲ್ಲು ಮಾಡಿದ. ಅವಳು ಮೆಟ್ಟಿಲಿಳಿದ ಮೇಲೂ ಅವನು ಗಲ್ಲಾದ ಚಿಲ್ಲರೆ ಎಣಿಸುತ್ತಲೇ ಇದ್ದ. ನೀನೇ ಕಣೇ ಎಂದು ಸುಳ್ಳಾದರೂ ಹೇಳಿದ್ದರೆ ನಾನು ಆ ಹೊತ್ತಿಗೆ ನಂಬಿಬಿಡುತ್ತಿದ್ದೆ.

"ಬೇರೆ ಬೇರೆ ಮಾಡಿ ನೋಡೇ ಇಲ್ಲ ಕಣೇ," ಎಂದ ಕೊನೆಗೆ. "ಬಂದಾಗಲೇ ಇಬ್ಬರೂ ಒಟ್ಟಿಗೆ ಬಂದ್ರಿ."

ನಿಜವನ್ನೇ ಹೇಳಿದ ಪುಣ್ಯಾತ್ಮ. ಅದಕ್ಕೇ ಅಷ್ಟು ನೋವಾಯಿತು.

ರಾಜೀನಾಮೆ ಬರೆದುಕೊಟ್ಟೆ, ಸರ್ಟಿಫಿಕೇಟು ಗೋಡೆಯಿಂದ ಇಳಿಸಿಕೊಂಡೆ. ನಾನು ಹೊರಬಿದ್ದ ಮೇಲೆ ಆ ಅಂಗಡಿ ವ್ಯಾಪಾರ ಮಾಡುವಂತಿರಲಿಲ್ಲ, ಅವನು ಶಟರ್ ಎಳೆದ. ನಡುಮಧ್ಯಾಹ್ನ, ಸುತ್ತಲಿನ ಅಂಗಡಿಗಳೆಲ್ಲ ತೆರೆದಿದ್ದವು. ಬೀಗದ ಕೈ ಹಿಡಿದು ನನ್ನೆದುರು ಬಂದು ನಿಂತ. ಅವನ ಕಣ್ಣು ಕೆಂಪಾಗಿತ್ತು.

"ಈಗ ಅಂಗಡಿ ಇಲ್ಲ. ಈಗ ಕೇಳು."

ನಾನು ಕೇಳಲಿಲ್ಲ. ನೀನೇ ಬೇಕು ಎಂದು ಅವನು ಆಣೆ ಇಟ್ಟು ಹೇಳಿದ್ದರೂ ನಂಬುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಊಟ ಮಾಡು, ಬಿಸಿಲಲ್ಲಿ ನಿಲ್ಲಬೇಡ ಎಂದಷ್ಟೇ ಹೇಳಿ ಬಂದೆ.

ವಾರ ಕಳೆಯಿತು. ಅಂಗಡಿ ಮತ್ತೆ ತೆರೆದಿದೆ ಎಂದು ಚಿಕ್ಕಮ್ಮ ಸುದ್ದಿ ತಂದಳು. ಯಾರೋ ಹುಡುಗಿ ಇರುತ್ತಾಳೆ, ನನಗಿಂತ ಚಂದದವಳು ಎಂದು ಎದೆ ಗಟ್ಟಿ ಮಾಡಿಕೊಂಡು ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಂತೆ. ಅಲ್ಲಿದ್ದವರು ಫಾರ್ಮಸಿಸ್ಟ್ ಕೆಲಸದಿಂದ ನಿವೃತ್ತರಾದ ಒಬ್ಬ ಮುದುಕರು. ಬೋಳುತಲೆ, ದಪ್ಪ ಕನ್ನಡಕ, ಚೀಟಿಯನ್ನು ಮೂಗಿನ ತುದಿಗೆ ಹಿಡಿದು ಓದುತ್ತಿದ್ದರು. ಗಲ್ಲಾದಲ್ಲಿ ಕೂತಿದ್ದ ಅವನು ನನ್ನನ್ನು ಕಂಡು ಎದ್ದು ನಿಂತ. ನಾನು ತಿರುಗಿ ನಡೆದೆ.

ದಾರಿಯುದ್ದಕ್ಕೂ ಅತ್ತೆ. ಇಷ್ಟು ಸುಲಭವಾಗಿತ್ತೇ? ಹುಡುಕಿದರೆ ಸಿಗುವ ಒಬ್ಬ ಮುದುಕರು. ಅವರನ್ನು ಒಂದು ವಾರ ಮೊದಲು ಕರೆತಂದು ಅಲ್ಲಿ ಕೂರಿಸಿ, ಅವನು ನನ್ನ ಹತ್ತಿರ ಬಂದಿದ್ದರೆ, ನಾನು ಇವತ್ತು ಅವನ ಹೆಂಡತಿಯಾಗಿರುತ್ತಿದ್ದೆ.