ಯಾವ ಅಯ್ಲಿಯಾಸ್?

ಬೆಳಿಗ್ಗೆ ಕಟ್ಟಿಟ್ಟ ಬುತ್ತಿ ಮಧ್ಯಾಹ್ನ ಎರಡು ಗಂಟೆಗೂ ಅಡಿಗೆಮನೆಯ ಮೇಜಿನ ಮೇಲೇ ಇತ್ತು. ಹೊಲದಿಂದ ಬಂದ ಅಂಥೂಲಾ ಅದನ್ನು ಕಂಡವಳೇ ಅಪ್ಪನ ಕೋಣೆಗೆ ಓಡಿದಳು. ಅವಳ ಅಪ್ಪ ಅರ್ಗಿರಿಸ್‌ಗೆ ಎಪ್ಪತ್ತಾರು ವರ್ಷ, ಜೊತೆಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡು ಹೊಟ್ಟೆಗೆ ಏನೂ ಹಾಕದಿದ್ದರೆ ಇದ್ದಲ್ಲೇ ಕುಸಿಯುವ ಮನುಷ್ಯ. ಆರು ಗಂಟೆಗೆ ಚುಚ್ಚಿಕೊಂಡು, ಒಂದು ಲೋಟ ಹಾಲು ಕುಡಿದು, ಸುಣ್ಣದ ಬಕೆಟ್ಟು, ಕುಂಚ ಹಿಡಿದು ಹೊರಟವನು ರೊಟ್ಟಿಯನ್ನೇ ಮರೆತಿದ್ದ. ಮೊಬೈಲೂ ಮಂಚದ ಮೇಲೇ ಬಿದ್ದಿತ್ತು.

"ನಮ್ಮ ಅಯ್ಲಿಯಾಸ್‌ಗೆ ಸುಣ್ಣ ಹೊಡೆದು ಊಟದ ಹೊತ್ತಿಗೆ ಬರ್ತೀನಿ" ಎಂದು ಬಾಗಿಲಿನಿಂದಲೇ ಕೂಗಿ ಹೋಗಿದ್ದ. ಅಯ್ಲಿಯಾಸ್ ಎಂದರೆ ಊರವರ ಬಾಯಲ್ಲಿ ಎಲಿಯಾಸ್ ಸಂತ, ಬೆಟ್ಟದ ಮೇಲಿನ ಅವನ ಗುಡಿ. ಸಂತನ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು.

ಕಾಲು ಗಂಟೆಯಲ್ಲಿ ಮೂವರ ತಂಡ ಸಿದ್ಧವಾಯಿತು. ಬುತ್ತಿ, ಸಕ್ಕರೆ ಕಟ್ಟಿಕೊಂಡ ಅಂಥೂಲಾ. ಚಾರಣಿಗರಿಗಾಗಿ ಬೆಟ್ಟದ ದಾರಿಗಳಿಗೆಲ್ಲ ಕೆಂಪು ಬೊಟ್ಟು ಇಡುವ ಸರಾಂಡಿಸ್. ಕತ್ತೆ ಹಿಡಿದು, ಹೆಗಲಿಗೆ ಹಗ್ಗ ಹಾಕಿಕೊಂಡ ಮೇಕೆಗಾರ್ತಿ ದಿಯಾಮಾಂಡೋ. ಅಂಥೂಲಾಳ ತಾಯಿ ತೀರಿಹೋದ ಮೇಲೆ ಆ ಮನೆಯ ಮೇಲೆ ಬಾಯಿ ಮಾಡುವ ಹಕ್ಕು ತಾಯಿಯ ಅಕ್ಕನಾದ ದಿಯಾಮಾಂಡೋಳದು.

"ನಾಲ್ಕನೇ ನಂಬರಿನ ದಾರಿ, ಒಂದೂವರೆ ಗಂಟೆ" ಎಂದ ಸರಾಂಡಿಸ್. "ಕಣ್ಣು ಮುಚ್ಕೊಂಡು ಕರ್ಕೊಂಡು ಹೋಗ್ತೀನಕ್ಕ."

"ಕಣ್ಣು ಬಿಟ್ಕೊಂಡೇ ಕರ್ಕೊಂಡ್ ಹೋಗಪ್ಪ" ಎಂದಳು ದಿಯಾಮಾಂಡೋ.

ತಮ್ಮ ಊರು ಪ್ಲಾತಾನಿ ದಾಟಿದರೆ ಫರ್ ಮರಗಳ ಕಾಡು. ಬಿಸಿಲಿಗೆ ಮರದ ಅಂಟು ಕರಗಿ ಘಮ್ಮೆನ್ನುತ್ತಿತ್ತು. ಕಾಡು ಮುಗಿದ ಮೇಲೆ ಬೋಳು ಸುಣ್ಣಕಲ್ಲು, ಸಂದಿಯಲ್ಲೆಲ್ಲ ಮುಳ್ಳು ಮತ್ತು ಪರಿಮಳದ ಥೈಮ್ ಗಿಡ. ಎಡಕ್ಕೆ ಆಳವಾದ ಕಮರಿ, ಅದರಾಚೆ ಇನ್ನೊಂದು ಬೆಟ್ಟ. ದೂರದ ಸಮುದ್ರದ ಕಡೆಯಿಂದ ಕಪ್ಪು ಮೋಡ ಮೇಲೇರುತ್ತಿತ್ತು. ಅರ್ಧ ದಾರಿಗೆ ಗುಡುಗಿತು, ಆಮೇಲೆ ಹನಿಗೊಂದು ಕಲ್ಲು ತೊಳೆಯುವಂಥ ಮಳೆ. ಬಂಡೆಯಡಿ ಅರ್ಧ ಗಂಟೆ ಮುದುಡಿ ಕೂತು, ಮಳೆ ನಿಂತ ಕೂಡಲೇ ಓಡಿದರು.

ಶಿಖರದ ಮೇಲೆ ಎಲಿಯಾಸ್ ಸಂತನ ಪುಟ್ಟ ಗುಡಿ ಹಾಲಿನಂತೆ ಬಿಳಿಯಾಗಿ ನಿಂತಿತ್ತು. ಹೊಸ ಸುಣ್ಣ. ಅಂಥೂಲಾಗೆ ಹೋದ ಜೀವ ಬಂದಂತಾಯಿತು.

"ಬಂದು, ಕೆಲಸ ಮುಗ್ಸಿ ಹೋಗಿದಾರೆ" ಎಂದ ಸರಾಂಡಿಸ್.

"ಎಲ್ಲಿಗೆ ಹೋದ್ರು? ನಾವು ಬಂದ ದಾರೀಲಿ ಸಿಗಲಿಲ್ಲವಲ್ಲ?"

"ಹಿಂದುಗಡೆ ದಾರೀಲಿ ಇಳಿದಿರ್ತಾರೆ. ಬನ್ನಿ."

ಹಿಂದಿನ ದಾರಿಗೆ ಇಳಿದ ಐದು ನಿಮಿಷಕ್ಕೆ ಮೋಡ ಬೆಟ್ಟದ ಮೇಲೇ ಕೂತುಬಿಟ್ಟಿತು. ಕೈ ಚಾಚಿದರೆ ಬೆರಳು ಕಾಣದು. ಬಂಡೆಯಿಂದ ಬಂಡೆಗೆ ಕೆಂಪು ಬೊಟ್ಟು ಹುಡುಕುತ್ತ ನಡೆದರು. "ಅಪ್ಪಾ" ಎಂದು ಕೂಗಿದರೆ ಕಮರಿಯೇ "ಅಪ್ಪಾ" ಎನ್ನುತ್ತಿತ್ತು. ಬೊಟ್ಟು ಬಲಕ್ಕೆ ಹೋಯಿತು, ಮೇಲೆ ಹೋಯಿತು, ಮತ್ತೆ ಬಲಕ್ಕೆ. ಮುಕ್ಕಾಲು ಗಂಟೆಯ ಮೇಲೆ ಮೋಡದೊಳಗಿಂದ ಬಿಳಿ ಗೋಡೆಯೊಂದು ಎದುರಾಯಿತು. ಅದೇ ಗುಡಿ.

"ಇದೇನೋ ಮಗಾ, ಗಾಣದೆತ್ತು ಮಾಡಿದೀಯಾ ನಮ್ಮನ್ನ?" ಎಂದಳು ದಿಯಾಮಾಂಡೋ.

ಸರಾಂಡಿಸ್ ತಲೆ ಕೆರೆದುಕೊಂಡ. "ಹೋದ ವರ್ಷ ದಾರಿ ಬದಲಾಯ್ಸಿದೆ ದೊಡ್ಡಮ್ಮ. ಹಳೇ ಬೊಟ್ಟು ಅಳ್ಸೋಕೆ ಆಗ್ಲಿಲ್ಲ."

ಅಂಥೂಲಾಗೆ ಅಳುವುದೋ ಬೈಯುವುದೋ ತಿಳಿಯಲಿಲ್ಲ. ಅಪ್ಪ ಬಂದಿದ್ದು ನಿಜವಾದರೆ ಹೋಗಿದ್ದೆಲ್ಲಿಗೆ? ಬಿದ್ದಿದ್ದರೆ ಯಾವ ಕಡೆ? ಗಂಟೆ ಐದಾಗುತ್ತಿತ್ತು. ಅವಳು ಗೋಡೆಗೆ ಒರಗಿ ನಿಂತಳು. ಅವಳು ಸರಿದಾಗ ಒದ್ದೆ ಬೆನ್ನಿಗೆ ಸುಣ್ಣ ಹತ್ತದ್ದನ್ನು ಕಂಡ ದಿಯಾಮಾಂಡೋ ಹತ್ತಿರ ಬಂದು ಗೋಡೆಯನ್ನು ಅಂಗೈಯಿಂದ ಗಸಗಸ ತಿಕ್ಕಿದಳು. ಕೈಗೆ ಏನೂ ಮೆತ್ತಲಿಲ್ಲ.

"ಇವತ್ತಿನ ಸುಣ್ಣ ಅಲ್ಲ ಇದು. ಇವತ್ತಿಂದಾಗಿದ್ರೆ ಆ ಮಳೆಗೆ ಅರ್ಧ ಹರಿದು ಹೋಗಿರ್ತಿತ್ತು. ಪಾದ್ರಿ ಹೆಂಡತಿ ವಾರದ ಹಿಂದೆ ಹೊಡ್ಸಿರ್ಬೇಕು. ನಂಗೂ ಅವಳಿಗೂ ಮಾತಿಲ್ಲ, ಗೊತ್ತಾಗ್ಲಿಲ್ಲ." ಆಮೇಲೆ ಕೇಳಿದಳು: "ಹೋಗ್ವಾಗ ನಿಮ್ಮಪ್ಪ ಏನಂದ? ಅಂದ ಹಂಗೇ ಹೇಳು."

"ನಮ್ಮ ಅಯ್ಲಿಯಾಸ್‌ಗೆ ಸುಣ್ಣ ಹೊಡೆದು ಬರ್ತೀನಿ ಅಂದ್ರು."

"ನಮ್ಮ ಅಂದನಾ?"

"ಹೂಂ."

ದಿಯಾಮಾಂಡೋ ಕತ್ತೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಧಾನಕ್ಕೆ ಹೇಳಿದಳು. "ಅವನು ಈ ಊರಿಗೆ ಮನೆ ಅಳಿಯ ಆಗಿ ಬಂದು ಐವತ್ತೊಂದು ವರ್ಷ. ಒಂದ್ ದಿನ ಇಲ್ಲಿನ ಯಾವ್ದನ್ನಾದ್ರೂ ನಮ್ಮದು ಅಂದಿದಾನಾ? ನಿಮ್ಮ ಬಾವಿ ನೀರು ಸಪ್ಪೆ, ನಿಮ್ಮ ಪಾದ್ರಿಗೆ ರಾಗ ಇಲ್ಲ, ನಿಮ್ಮ ಅಯ್ಲಿಯಾಸ್ ಕುಳ್ಳ. ಕೇಳಿಲ್ವಾ ನೀನು?"

ಕೇಳಿದ್ದಳು. ಹುಟ್ಟಿದಾಗಿನಿಂದ ಕೇಳಿದ್ದಳು. ಅಪ್ಪನ ಕೊಂಕು ಎಂದು ನಕ್ಕಿದ್ದಳು. ಈ ನಾಡಿನಲ್ಲಿ ಶಿಖರ ಕಂಡಲ್ಲೆಲ್ಲ ಒಬ್ಬ ಅಯ್ಲಿಯಾಸ್ ಇರುತ್ತಾನೆ, ಪ್ರತಿ ಊರಿಗೂ ತನ್ನವನು. ಕಮರಿಯಾಚೆಯ ಬೆಟ್ಟದ ಮೇಲಿದ್ದ ಕರ್ವೂನಾ ಅಪ್ಪ ಹುಟ್ಟಿದ ಊರು. ಅಲ್ಲಿ ಜನ ಇಲ್ಲದೆ ನಲವತ್ತು ವರ್ಷವಾಗಿತ್ತು. ಅಲ್ಲಿಯೂ ಒಂದು ಗುಡಿ ಇರಬೇಕೆಂದು ಅವಳಿಗೆ ಹೊಳೆದೇ ಇರಲಿಲ್ಲ. ಅವಳು ಕಮರಿಯ ಕಡೆ ತಿರುಗಿದಳು.

"ಆ ಕಡೆ ನನ್ನ ಬೊಟ್ಟು ಒಂದೂ ಇಲ್ಲ" ಎಂದ ಸರಾಂಡಿಸ್.

"ಸದ್ಯ, ಬದುಕಿದ್ವಿ" ಎಂದಳು ದಿಯಾಮಾಂಡೋ.

ಮೇಕೆಗಳ ಜಾಡು ಹಿಡಿದು ಕಮರಿಗೆ ಇಳಿದರು. ಮೋಡ ಮೇಲೆ ಉಳಿಯಿತು, ಕೆಳಗಿನಿಂದ ಸದ್ದು ಕೇಳಿಸಿತು. ಬೇಸಗೆಯಿಡೀ ಒಣಗಿರುವ ಹಳ್ಳ ಕೆಂಪಗೆ ಉಕ್ಕಿ ಹರಿಯುತ್ತಿತ್ತು.

ಹಳೆಯ ಕಲ್ಲುಸೇತುವೆಯ ಕಮಾನು ನಡುವೆ ಮುರಿದು ಬಿದ್ದಿತ್ತು. ಮುರಿದ ಕಲ್ಲುಗಳು ನೀರಿನಲ್ಲಿ ತಲೆಯೆತ್ತಿದ್ದವು.

ದಿಯಾಮಾಂಡೋ ಹಗ್ಗದ ತುದಿಯನ್ನು ಆಲದಷ್ಟು ದಪ್ಪದ ಪ್ಲೇನ್ ಮರಕ್ಕೆ ಬಿಗಿದಳು. ಇನ್ನೊಂದು ತುದಿ ಸರಾಂಡಿಸ್‌ನ ಸೊಂಟಕ್ಕೆ. ಅವನು ಜಿಗಿದ. ಮೊದಲ ಕಲ್ಲು, ಎರಡನೆಯದು. ಮೂರನೆಯದು ಉರುಳಿತು. ಅವನು ಎದೆಮಟ್ಟ ಮುಳುಗಿ, ಕೆಮ್ಮುತ್ತ, ತೆವಳಿ ಆಚೆ ದಡ ಸೇರಿ ಹಗ್ಗವನ್ನು ಬಂಡೆಗೆ ಸುತ್ತಿದ.

ಅಂಥೂಲಾ ಬುತ್ತಿಯನ್ನು ತಲೆಗೆ ಕಟ್ಟಿಕೊಂಡು ಹಗ್ಗ ಹಿಡಿದು ಇಳಿದಳು. ನೀರು ತೊಡೆಗೆ ಗುದ್ದಿತು. ಕಾಲು ಜಾರಿತು. ಕೈ ಬಿಡಲಿಲ್ಲ.

ಕತ್ತೆಯೊಡನೆ ದಿಯಾಮಾಂಡೋ ಈಚೆಯೇ ಉಳಿದಳು. ಅವರಿಬ್ಬರೂ ಮುಳ್ಳುಗಳ ನಡುವೆ ಹಳೆಯ ಮೆಟ್ಟಿಲು ಹುಡುಕುತ್ತ ಹತ್ತಿದರು. ಕುಸಿದ ಮನೆಗಳು, ಬಾಗಿಲಿಲ್ಲದ ಗೋಡೆಗಳು. ಮೇಲೆ ಸೂರಿಲ್ಲದ ಗುಡಿ, ಒಂದು ಗೋಡೆಗೆ ಮಾತ್ರ ಅರ್ಧ ಸುಣ್ಣ, ಅದೂ ಮಳೆಗೆ ಹರಿದು ನೆಲದಲ್ಲೆಲ್ಲ ಬಿಳಿ ಕೆಸರು. ಬಕೆಟ್ಟು ಮಗುಚಿತ್ತು. ಕೆಸರಿನಲ್ಲಿ ತೆವಳಿ ಹೋದ ಗುರುತಿತ್ತು.

ಗುರುತು ಹಿಡಿದು ಓಡಿದ ಅಂಥೂಲಾ ಒಂದು ಮುರುಕು ಅಂಗಳದಲ್ಲಿ ನಿಂತುಬಿಟ್ಟಳು. ಅಪ್ಪ ಮರಕ್ಕೆ ಒರಗಿ ಕೂತಿದ್ದ. ಬಾಯಿ, ಗದ್ದ, ಎರಡೂ ಕೈ ರಕ್ತಗೆಂಪು.

ಅಪ್ಪ ಕಣ್ಣು ತೆರೆದ.

"ಹಿಪ್ಪುನೇರಳೆ" ಎಂದ. "ನಮ್ಮಮ್ಮ ನೆಟ್ಟಿದ್ದು. ಕಾಲು ಹೊರಳ್ತು, ತಲೆ ತಿರುಗ್ತು. ಇಲ್ಲಿವರೆಗೆ ಬಂದು ಹಣ್ಣು ತಿಂದ್ರೆ ಬದುಕ್ತೀನಿ ಅನ್ನಿಸ್ತು."

ಅಂಥೂಲಾ ಅವನ ಪಕ್ಕ ಕುಸಿದು ಜೋರಾಗಿ ಅತ್ತಳು. ಅಳುತ್ತಲೇ ರೊಟ್ಟಿ ಮುರಿದು ಅವನ ಬಾಯಿಗಿಟ್ಟಳು. "ಇಲ್ಲಿಗೆ ಅಂತ ಯಾಕೆ ಹೇಳ್ಲಿಲ್ಲಪ್ಪ?"

"ಪ್ರತಿ ವರ್ಷ ಬರ್ತೀನಲ್ಲ. ನೀನು ಯಾವತ್ತೂ ಕೇಳ್ಲಿಲ್ಲ."

ಅವಳು ಇನ್ನೊಂದು ತುಂಡು ರೊಟ್ಟಿ ಮುರಿದು ಅವನ ಕೈಗಿಟ್ಟಳು.

ಸರಾಂಡಿಸ್ ಮುದುಕನನ್ನು ಕೂಸುಮರಿ ಹೊತ್ತ. ಹಳ್ಳ ಅಷ್ಟು ಹೊತ್ತಿಗೆ ಮೊಣಕಾಲಿಗೆ ಇಳಿದಿತ್ತು. ಆದರೂ ನಡುವೆ ಒಮ್ಮೆ ಅವನು ವಾಲಿದಾಗ ಅಂಥೂಲಾ ಹಿಂದಿನಿಂದ ಭುಜ ಕೊಟ್ಟು ತಡೆದಳು. ಆಚೆಯಿಂದ ದಿಯಾಮಾಂಡೋ ಬೈಯುತ್ತಲೇ ಹಗ್ಗ ಎಳೆದಳು. ಕತ್ತೆಯ ಮೇಲೆ ಕೂತ ಅಪ್ಪ ಆಚೆಯ ಬೆಟ್ಟವನ್ನು ನೋಡುತ್ತಲೇ ಇದ್ದ. ಇಳಿಬಿಸಿಲು ಅಲ್ಲಿನ ಕಲ್ಲುಗಳ ಮೇಲೆ ಬಿದ್ದಿತ್ತು.

"ಮನೆಗೆ ಹೋಗೋಣ ನಡೀರಿ" ಎನ್ನಲು ಹೊರಟ ಅಂಥೂಲಾ ಅರ್ಧಕ್ಕೇ ನಿಲ್ಲಿಸಿದಳು. ಮನೆಗೆ ಕರೆದೊಯ್ಯುತ್ತಿದ್ದೇನೋ, ಮನೆಯಿಂದ ಕರೆದೊಯ್ಯುತ್ತಿದ್ದೇನೋ ಅವಳಿಗೇ ಗೊತ್ತಾಗಲಿಲ್ಲ. ಕೊನೆಗೆ ಕೇಳಿಯೇ ಬಿಟ್ಟಳು. "ಅಪ್ಪ, ನಿಮಗೆ ಮನೆ ಅಂದ್ರೆ ಯಾವ್ದು?"

ಮುದುಕ ಅವಳನ್ನು ದಿಟ್ಟಿಸಿದ. "ನನ್ನ ಚಪ್ಪಲಿ ಎಲ್ಲಿದೆಯೋ ಅದು. ನಡಿಯಮ್ಮ, ಹಸಿವು."

ಊರಿನ ಕಾಫಿ ಅಂಗಡಿಯಲ್ಲಿ ಕೂತಿದ್ದವರು ಕುರ್ಚಿ ಬಿಟ್ಟೆದ್ದು ಬಂದರು. ಎಲ್ಲಿದ್ದ, ಹೇಗೆ ಸಿಕ್ಕ ಎಂಬುದಕ್ಕೆಲ್ಲ ಸರಾಂಡಿಸ್ ಎದೆಯುಬ್ಬಿಸಿ ಉತ್ತರ ಕೊಟ್ಟ, ಹಳೇ ಬೊಟ್ಟಿನ ವಿಷಯವೊಂದನ್ನು ಬಿಟ್ಟು. ಮನೆಯಲ್ಲಿ ಅಂಥೂಲಾ ಒಲೆಯ ಪಕ್ಕದಿಂದ ಮನೆಯೊಳಗೆ ಮೆಟ್ಟುವ ಚಪ್ಪಲಿ ತಂದು ಅಪ್ಪನ ಮುಂದಿಟ್ಟಳು. ಊದಿದ ಕಾಲಿಗೆ ಒಂದು ಹಿಡಿಸಲಿಲ್ಲ. ಅವನು ಇನ್ನೊಂದನ್ನು ಮೆಟ್ಟಿಕೊಂಡು, ಮೇಜಿಗೆ ಕೂತು, ತಟ್ಟೆ ಮುಂದಕ್ಕೆ ಎಳೆದುಕೊಂಡ. ಅವಳು ಒದ್ದೆ ಬಟ್ಟೆಯಲ್ಲೇ ಎದುರಿಗೆ ಕೂತು, ಕೊನೆಯ ತುತ್ತಿನವರೆಗೂ ಅವನು ಉಣ್ಣುವುದನ್ನು ನೋಡಿದಳು.