ಊಟದ ಹೊತ್ತಿನೊಳಗೆ ಒಪ್ಪಿಕೊಂಡ ಕಳ್ಳ

ಬೆಳಗ್ಗೆ ಒಂಬತ್ತೂಕಾಲಿಗೆ ದರ್ಜಿ ಅಂಗಡಿಯ ಯಜಮಾನ ಠಾಣೆಗೆ ಬಂದು ದೂರು ಕೊಟ್ಟ. ರಾತ್ರಿ ಕಳ್ಳತನವಾಗಿದೆ, ಹೊಸ ಹೊಲಿಗೆ ಯಂತ್ರವಿಲ್ಲ, ಅಪ್ಪನ ಕಾಲದ ದೊಡ್ಡ ಕತ್ತರಿಯೂ ಇಲ್ಲ, ಹಿಂದಿನ ಕಿಟಕಿಯ ಸರಳು ಬಾಗಿದೆ, ಕಳ್ಳ ಅಲ್ಲಿಂದಲೇ ಬಂದಿರಬೇಕು. ಎಫ್‌ಐಆರ್ ದಾಖಲಾಯಿತು. ಕೋರ್ಟಿಗೆ ಹೊರಟಿದ್ದ ಇನ್‌ಸ್ಪೆಕ್ಟರಮ್ಮ, "ಮೊದಲು ಸ್ಥಳ ನೋಡಿ ಬನ್ನಿ," ಎಂದು ದಫೇದಾರನಿಗೆ ಹೇಳಿ ಹೋದರು.

ದಫೇದಾರ ಕುರ್ಚಿ ಬಿಟ್ಟರೆ ತಾನೆ! ಹಿಂದೊಮ್ಮೆ ಕಳ್ಳನಾಗಿದ್ದು, ಈಗ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಮುದುಕನೊಬ್ಬನಿದ್ದ. ಊರಲ್ಲಿ ಸೂಜಿ ಕಳೆದರೂ ಅವನನ್ನೇ ಹಿಡಿದು ತರುವುದು ಠಾಣೆಯ ರೂಢಿ. ಇನ್‌ಸ್ಪೆಕ್ಟರಮ್ಮ ಮಧ್ಯಾಹ್ನ ಮರಳಿದಾಗ ಮುದುಕ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಎರಡೂ ಅಂಗೈ ಬಾತಿದ್ದವು.

"ಒಪ್ಕೊಂಡ ಮೇಡಂ. ಊಟದ ಹೊತ್ತಿನೊಳಗೆ ಕೇಸು ಪತ್ತೆ! ಮೇಲಿನವ್ರಿಗೂ ಫೋನ್ ಮಾಡ್ಬಿಟ್ಟೆ," ಎಂದ ದಫೇದಾರ.

"ತಾತ, ಒಳಗೆ ಹೇಗೆ ಹೋದ್ರಿ?"

"ಹಿಂದಿನ ಕಿಟಕಿಯಿಂದ ತಾಯಿ." ಪಾಠ ಒಪ್ಪಿಸಿದಂತೆ ಹೇಳಿದ ಮುದುಕ. "ಮಗಳು ಈಗೀಗ ಮನೆಗೆ ಸೇರಿಸ್ಕೊಂಡಿದ್ದಾಳೆ. ಇದು ಗೊತ್ತಾದ್ರೆ ಬಾಗಿಲು ಹಾಕ್ಕೋತಾಳೆ."

ಇನ್‌ಸ್ಪೆಕ್ಟರಮ್ಮ ಅವನನ್ನು ಪೇದೆಯ ಜೊತೆ ಆಸ್ಪತ್ರೆಗೆ ಕಳಿಸಿ, ಗಾಯಗಳನ್ನು ದಾಖಲಿಸಿ ಎಂದು ವೈದ್ಯರಿಗೆ ಬರೆದುಕೊಟ್ಟರು. ದಫೇದಾರನನ್ನು ಎಳೆದುಕೊಂಡೇ ಅಂಗಡಿಗೆ ಹೋದರು. ಪಕ್ಕದ ಕ್ಷೌರಿಕನೂ ಎದುರುಮನೆಯ ಮೇಷ್ಟರೂ ಪಂಚರಾಗಿ ಸಾಕ್ಷಿಗೆ ನಿಂತರು. ಕಿಟಕಿಗೆ ಅರ್ಧ ಅಡ್ಡವಿದ್ದ ಬಟ್ಟೆಯ ಥಾನುಗಳನ್ನು ಸರಿಸಿ ಟಾರ್ಚ್ ಬಿಟ್ಟರೆ ಆಚೆ ಗೋಡೆ! ಪಕ್ಕದ ಕಟ್ಟಡಕ್ಕೂ ಕಿಟಕಿಗೂ ನಡುವೆ ಒಂದು ಗೇಣು ಸಂದಿ, ತುಂಬ ಹಳೆಯ ಜೇಡರಬಲೆ. ಸರಳು ಬಾಗಿದ್ದೂ ಎಂದೋ, ಬಾಗಿದಲ್ಲೆಲ್ಲ ತುಕ್ಕು.

"ಮುದುಕ ಇಲ್ಲಿಂದ ಬಂದ್ನಾ ದಫೇದಾರ್ರೇ? ಯಂತ್ರ ಹೊತ್ಕೊಂಡು?"

"ಅವನೇ ಹೇಳ್ದ ಮೇಡಂ..."

"ನೀವು ಹೇಳಿಸಿದ್ದನ್ನ ಹೇಳ್ದ." ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿ ಇವನು. ಇಂಥವನ ಪಕ್ಕ ಅದೇ ಖಾಕಿ ತೊಟ್ಟು ನಿಲ್ಲಲು ಅವರಿಗೆ ಹೇಸಿಗೆಯಾಯಿತು.

ಮುಂಬಾಗಿಲ ಬೀಗಕ್ಕೆ ಗೀರೂ ಬಿದ್ದಿರಲಿಲ್ಲ. ಕೀಲಿಕೈ ಇದ್ದದ್ದು ಯಜಮಾನನ ಬಳಿ ಒಂದು, ಅಂಗಡಿಯಲ್ಲೇ ದುಡಿಯುವ ಅವನ ತಮ್ಮನ ಬಳಿ ಒಂದು. ಪಂಚರ ಎದುರೇ ತಮ್ಮನ ಮಂಚದಡಿಯಿಂದ ಯಂತ್ರವೂ ಕತ್ತರಿಯೂ ಹೊರಬಂದವು.

"ನಿಂಗೇನೋ ಕಡಿಮೆ ಮಾಡಿದ್ದೆ?" ಅಣ್ಣ ಅರಚಿದ.

"ಇಷ್ಟು ವರ್ಷ ಬರೀ ಗುಂಡಿ ಹಚ್ಚಿಸ್ದೆ ಅಣ್ಣ. ಒಂದಿನಾನೂ ಕತ್ತರಿ ಮುಟ್ಟೋಕೆ ಬಿಡ್ಲಿಲ್ಲ."

"ಇವನನ್ನ ಹತ್ತು ನಿಮಿಷ ನನ್ ಕೈಗೆ ಕೊಡಿ ಮೇಡಂ," ಎಂದ ದಫೇದಾರ. ಮಾನ ಎಂಬುದು ಅವನಿಗೆ ಇನ್ನೂ ಬಂದಿರಲಿಲ್ಲ. ಇನ್‌ಸ್ಪೆಕ್ಟರಮ್ಮ ಅವನನ್ನು ಬದಿಗೆ ಸರಿಸಿ, ಬಂಧನದ ಕಾರಣವನ್ನು ತಮ್ಮನಿಗೆ ಓದಿ ಹೇಳಿ ಸಹಿ ಪಡೆದರು.

ಸಂಜೆ ಮುದುಕನ ಮಗಳು ಠಾಣೆಗೆ ಓಡಿಬಂದಳು. ಇನ್‌ಸ್ಪೆಕ್ಟರಮ್ಮ ಎದ್ದು ನಿಂತರು. "ನಿಮ್ಮಪ್ಪ ಏನೂ ಮಾಡಿಲ್ಲಮ್ಮ. ತಪ್ಪು ನಮ್ಮದು." ಆಕೆ, ಆಸ್ಪತ್ರೆಯಿಂದ ಮರಳಿದ್ದ ಅಪ್ಪನ ಬ್ಯಾಂಡೇಜು ಸುತ್ತಿದ್ದ ಕೈ ಹಿಡಿಯಲಾಗದೆ, ತೋಳು ಹಿಡಿದು ಕರೆದೊಯ್ದಳು.

ಹೊಡೆತದ ಬಗ್ಗೆ ಮುದುಕ ಕೊಟ್ಟ ಹೇಳಿಕೆ, ವೈದ್ಯರ ಪ್ರಮಾಣಪತ್ರ ಎರಡೂ ಮೇಜಿನ ಮೇಲಿದ್ದವು. ಇನ್‌ಸ್ಪೆಕ್ಟರಮ್ಮ ಮೇಲಧಿಕಾರಿಗೆ ತಿಳಿಸಿ, ದಫೇದಾರನ ಮೇಲೆ ಎರಡನೆಯ ಎಫ್‌ಐಆರ್ ದಾಖಲಿಸಿ, ಅವನ ಬೆಲ್ಟು ಬಿಚ್ಚಿಸಿ ಬಂಧಿಸಿದರು.

ಅವನ ಮುಖ ಬಿಳಿಚಿತು. "ನನ್ಗೆ... ಹೊಡೀತಾರಾ ಮೇಡಂ?"

"ಇಲ್ಲ. ಯಾಕೆ ಬಂಧಿಸಿದ್ದು ಅಂತ ಬರೆದು ಕೊಡ್ತೀವಿ. ವಕೀಲರನ್ನ ಕರೆಸ್ಕೊಳ್ಳಿ. ಅದು ನಿಮ್ಮ ಹಕ್ಕು."

ಮುದುಕನ ಮೇಲೆ ದಫೇದಾರನಿಗೆ ದ್ವೇಷವೇನೂ ಇರಲಿಲ್ಲ. ಕಳ್ಳನನ್ನು ಹುಡುಕಲು ಬಿಸಿಲಲ್ಲಿ ನಡೆಯಬೇಕಿತ್ತು. ಹೊಡೆಯಲು ಕುರ್ಚಿಯಿಂದ ಎದ್ದರೆ ಸಾಕಿತ್ತು.